ಇಂದಿನ ಧಮ್ಮ ಚಿಂತನೆ: ಮೈಮೇಲಿನ ವಾಸನೆ



ಭಾನುವಾರ ತೀರ್ಥಹಳ್ಳಿಯ ಓದಿನಲ್ಲಿ ಒಬ್ಬ ತಂಗಿ ಕೇಳಿದ ಪ್ರಶ್ನೆಗೆ ಅಲ್ಲೇ ಪೂರ್ತಿ ಉತ್ತರ ಹೇಳಲು ಸಮಯ ಸಾಲಲಿಲ್ಲ. "ಸರ್, ಸೆಂಟ್ ಹಾಕ್ಕೊಂಡ್ರೆ ಶೀಲ ಕೆಡ್ತದಾ?" ಹೊಸನಗರದಿಂದ ಬಂದಿದ್ದ ಹಿರಿಯರೊಬ್ಬರು ಮೂಗು ಮುರಿದು "ಅದೆಲ್ಲ ಮಾರನ ಆಟ" ಅಂದುಬಿಟ್ಟರು. ಅಷ್ಟು ಬೇಗ ತೀರ್ಪು ಬೇಡ.

ಮೊದಲು ಆ ಸೆಂಟಿನ ವಿಚಾರ. ಬೆಂಗಳೂರಿನಲ್ಲಿರುವ ಅಣ್ಣ ತಂದುಕೊಟ್ಟ ಪುಟ್ಟ ಶೀಶೆ. ನನ್ನ ಮುಂಗೈಗೂ ಒಂದು ಸಲ ಹೊಡೆದಳು. ಮೊದಲು ಸ್ಪಿರಿಟ್ಟಿನ ಘಾಟು. ಅದು ಹಾರುತ್ತಿದ್ದಂತೆ ಕಳಿತ ನೇರಳೆ ಹಣ್ಣು, ಬಿಸಿಲಿಗೆ ಹರಡಿದ ಮುರುಗಲು ಸಿಪ್ಪೆ, ತುಸು ಹುಳಿ. ಕಪ್ಪು ಬಣ್ಣಕ್ಕೊಂದು ವಾಸನೆ ಇದ್ದರೆ ಹೀಗೇ ಇದ್ದೀತು. ಕಾಲು ಗಂಟೆಯಲ್ಲಿ ಹಣ್ಣು ಹಿಂದೆ ಸರಿದು ಆಲೆಮನೆಯ ಬೆಲ್ಲ ಮುಂದೆ ಬಂತು. ನಾನು ಸಾಗರದಲ್ಲಿ ಬಸ್ಸಿಳಿಯುವ ಹೊತ್ತಿಗೆ ಉಳಿದದ್ದು ಮರ ಮತ್ತು ಧೂಪ. ಹಗುರವಾದದ್ದು ಬೇಗ ಹಾರುತ್ತದೆ, ಭಾರವಾದದ್ದು ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಮೈಯ ಬಿಸಿ, ಎಣ್ಣೆಪಸೆಗೆ ತಕ್ಕಂತೆ ಒಬ್ಬೊಬ್ಬರ ಮೇಲೆ ಒಂದೊಂದು ಥರ. ಜಾತಿಗೆ ತಕ್ಕಂತೆ ನಿಲ್ಲುವುದು ಮಾತ್ರ ಅದಕ್ಕೆ ಗೊತ್ತಿಲ್ಲ.

ಪಂಚಶೀಲದಲ್ಲಿ ಸುಗಂಧ ಬೇಡ ಎಂದಿಲ್ಲ. ಅಷ್ಟಶೀಲ ತೆಗೆದುಕೊಂಡ ದಿನ ಮಾತ್ರ ಹೂಮಾಲೆ, ಸುಗಂಧ, ಅಲಂಕಾರ ಬಿಡುತ್ತೇವೆ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆಂದು ಗುರುತು ಹಿಡಿಸುವ ಒಡವೆ ಬಿಡಿ, ಸೀರೆ ಉಡುವ ರೀತಿ ಬದಲಿಸಿ, ಚೊಕ್ಕಟವಾಗಿರಿ ಎಂದು ಹೇಳಿದ್ದರು. ಚೆಂದ ಕಾಣುವುದು ನಮಗೆ ನಿಷಿದ್ಧವಲ್ಲ.

ಆದರೆ ತಂಗಿ ಆಮೇಲೆ ಹೇಳಿದ ಮಾತು ಬೇರೆ. (ಗುಂಪಿನಲ್ಲಿ ಬರೆಯಬಹುದು ಅಂದಿದ್ದಾಳೆ.) ಅವಳ ಅಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಚೊಗರಿಗೆ ಕೈ ಕಪ್ಪಾದರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ರಜೆ ಬಂದರೆ ಇವಳೂ ಮೆಟ್ಟುಗತ್ತಿಯ ಮುಂದೆ ಕೂರುತ್ತಾಳೆ. ಕಾಲೇಜಿನಲ್ಲಿ ಪಕ್ಕದವಳು ಒಂದು ದಿನ ವೇಲ್ ಮೂಗಿಗೆ ಹಿಡಿದು ಬೆಂಚು ಬದಲಿಸಿದಳಂತೆ. ಅಂದಿನಿಂದ ದಿನಕ್ಕೆ ಮೂರು ಸಲ ಸೆಂಟು. ಅದೇ ಅಡಿಕೆ ಎಲೆಯ ಜೊತೆ ತಟ್ಟೆಯಲ್ಲಿ ಬಂದರೆ ಯಾರೂ ಮೂಗು ಮುಚ್ಚುವುದಿಲ್ಲ.

ಕನ್ನಡದಲ್ಲಿ ವಾಸನೆ ಎಂದರೆ ಮೂಗಿಗೆ ಬಡಿಯುವುದೂ ಹೌದು, ಮನಸ್ಸಿನಲ್ಲಿ ಅಂಟಿ ಉಳಿದ ಹಳೆಯ ರೂಢಿಯೂ ಹೌದು. ಬೌದ್ಧ ಗ್ರಂಥಗಳಲ್ಲೂ ಈ ಮಾತಿದೆ. ಯೋಗಾಚಾರದವರು ಎಳ್ಳಿನ ಹೋಲಿಕೆ ಕೊಡುತ್ತಾರೆ: ಹೂವಿನ ಜೊತೆ ಎಳ್ಳು ಇಟ್ಟರೆ, ಹೂವು ಬಾಡಿಹೋದ ಮೇಲೂ ಎಳ್ಳಿನಲ್ಲಿ ಅದರ ಕಂಪು ನಿಂತಿರುತ್ತದೆ. 'ಉದಾನ'ದಲ್ಲಿ ಪಿಲಿಂದವಚ್ಛ ಎಂಬ ಭಿಕ್ಖುವಿನ ಪ್ರಸಂಗವೊಂದಿದೆ. ಅವರು ಜೊತೆಯ ಭಿಕ್ಖುಗಳನ್ನು 'ವಸಲ' ಎಂದೇ ಕರೆಯುತ್ತಿದ್ದರು. ವಸಲ ಎಂದರೆ ಹೀನ ಕುಲದವನು ಎಂಬ ಬೈಗುಳ. ದೂರು ಬಂದಾಗ ತಥಾಗತರು, ಅವರಲ್ಲಿ ದ್ವೇಷವಿಲ್ಲ, ಐನೂರು ಜನ್ಮ ಬ್ರಾಹ್ಮಣರಾಗಿ ಆಡಿದ ಮಾತು ಹಾಗೇ ಉಳಿದಿದೆ ಎಂದರು. ಅಟ್ಠಕಥೆ ಇದನ್ನೇ ವಾಸನೆ ಎನ್ನುತ್ತದೆ. ಜನ್ಮಗಳ ಮಾತು ನಮ್ಮಲ್ಲಿ ಅನೇಕರಿಗೆ ಒಪ್ಪಿಗೆಯಿಲ್ಲ. ಐನೂರು ತಲೆಮಾರು ಎಂದು ಓದಿಕೊಳ್ಳಿ, ಅರ್ಥ ಕೆಡುವುದಿಲ್ಲ.

ಬೆಂಚು ಬದಲಿಸಿದವಳಿಗೆ ತಟ್ಟಿದ್ದು ಆ ವಾಸನೆ. ಅದು ಇರುವುದು ಅವಳ ಮೂಗಿನಲ್ಲಿ. ನಮ್ಮ ಮೈಗೆ ಎಷ್ಟು ಸೆಂಟು ಹೊಡೆದರೂ ಅಲ್ಲಿಗೆ ಮುಟ್ಟುವುದಿಲ್ಲ. ಇನ್ನು, ನಾನು ನಾರುತ್ತಿದ್ದೇನೇನೋ ಎಂದು ಬಸ್ಸಿನಲ್ಲಿ ಮುದುಡಿ ಕೂರುತ್ತೇವಲ್ಲ, ಅದೂ ವಾಸನೆಯೇ. ತ್ರಿಶರಣ ಹೇಳಿದ ಮರುದಿನವೇ ಹೋಗುವಂಥದ್ದಲ್ಲ. ನಮ್ಮ ಧ್ಯಾನದಲ್ಲಿ ಹಿಡಿದು ನೋಡಬೇಕಾದದ್ದು ಇದನ್ನು.

ತಂಗಿ, ಆ ಸೆಂಟು ಚೆನ್ನಾಗಿದೆ. ಬೆಳಿಗ್ಗೆ ಒಂದು ಸಲ ಸಾಕು, ಸಂಜೆವರೆಗೂ ಇರುತ್ತದೆ. ಮುಂದಿನ ಓದಿಗೆ ಅಮ್ಮನನ್ನೂ ಕರೆದುಕೊಂಡು ಬಾ. ಸುಗ್ಗಿಯ ಕೆಲಸ ಬಿಟ್ಟು ಬರುವುದಾದರೆ ಕೈ ಹೇಗಿದೆಯೋ ಹಾಗೇ ಬರಲಿ, ಬುದ್ಧವಂದನೆಗೆ ದೀಪ ಅವರೇ ಹಚ್ಚಲಿ. ಹುಣ್ಣಿಮೆಗೆ ಅಷ್ಟಶೀಲ ತೆಗೆದುಕೊಳ್ಳುವವರು ಅಂದೊಂದು ದಿನ ಸೆಂಟು, ಪೌಡರು, ಮಲ್ಲಿಗೆ ಮನೆಯಲ್ಲೇ ಬಿಟ್ಟು ಬನ್ನಿ.

ಜೈಭೀಮ್.