ದಂಡ ಕಟ್ಟಿದರೆ ಪಾಪ ತೊಳೆದೀತೇ?

ಹೈದರಾಬಾದಿನ ನಾಂಪಲ್ಲಿ ಕ್ರಿಮಿನಲ್ ಕೋರ್ಟುಗಳಲ್ಲಿ ಪೆಟ್ಟಿ ಕೇಸು ಮುಗಿಯಲು ಹೆಚ್ಚು ಹೊತ್ತು ಬೇಕಿಲ್ಲ. ಕುಡಿದು ಗಾಡಿ ಓಡಿಸಿದವನಿರಲಿ, ನಿಜಾಮರ ಕಾಲದ 1348ನೇ ಫಸಲಿ ವರ್ಷದ ನಗರ ಪೊಲೀಸ್ ಕಾಯ್ದೆಯಡಿ ಸಿಕ್ಕಿಬಿದ್ದವನಿರಲಿ, ಮ್ಯಾಜಿಸ್ಟ್ರೇಟರು ಆರೋಪದ ಸಾರ ಹೇಳಿ, ತಪ್ಪು ಒಪ್ಪುತ್ತೀರಾ ಎಂದು ಕೇಳುತ್ತಾರೆ. ಒಪ್ಪಿದರೆ ಸಾಮಾನ್ಯವಾಗಿ ದಂಡ ಕಟ್ಟಿ ಮನೆಗೆ. ಇಲ್ಲವೆಂದರೆ ವಾಯಿದೆ, ಸಾಕ್ಷಿ, ವಕೀಲರ ಫೀಸು, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಖೋತಾ.

ಹೀಗಾಗಿ ತಪ್ಪು ಮಾಡದವನೂ ಲೆಕ್ಕ ಹಾಕಿ ‘ಹೌದು’ ಎಂದುಬಿಡಬಹುದು. ಆ ‘ಹೌದು’ ಪಶ್ಚಾತ್ತಾಪವೇ, ವ್ಯಾಪಾರವೇ?

ದಂಡ ಕಟ್ಟಿದವನ ಪಾಪ ತೊಳೆದುಹೋಗುತ್ತದೆಯೇ ಎಂಬುದು ಹಳೆಯ ಜಗಳ. ಅರಸನಿಂದ ಶಿಕ್ಷೆ ಪಡೆದ ಪಾಪಿ ಶುದ್ಧನಾಗಿ, ಪುಣ್ಯವಂತನಂತೆಯೇ ಸ್ವರ್ಗಕ್ಕೆ ಹೋಗುತ್ತಾನೆ ಎಂದು ಮನುಸ್ಮೃತಿ ಹೇಳುತ್ತದೆ. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಮದ್ಯಪಾನವೂ ಸೇರಿದಂತೆ ಕೆಲವು ಅಪರಾಧಗಳಿಗೆ ‘ಹುದೂದ್’ ಎಂಬ ಗೊತ್ತುಪಡಿಸಿದ ಶಿಕ್ಷೆಗಳಿವೆ. ಅವು ಪಾಪವನ್ನೂ ಕಳೆಯುತ್ತವೆ ಎಂಬುದು ಶಾಫಿ ಪಂಥದ ನಿಲುವು. ಹನಫಿಗಳು ಒಪ್ಪುವುದಿಲ್ಲ: ಶಿಕ್ಷೆ ಇರುವುದು ಜನರನ್ನು ಹೆದರಿಸಿ ತಡೆಯಲು, ಪಾಪ ಕಳೆಯಲು ‘ತೌಬಾ’ ಎಂಬ ಪಶ್ಚಾತ್ತಾಪವೇ ಬೇಕು. ಹೈದರಾಬಾದಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ನಿಜಾಮರ ಸೈನ್ಯಕ್ಕೆಂದು ಯೆಮನ್ನಿನ ಹದ್ರಮೌತ್‌ನಿಂದ ಬಂದ ಅರಬರ ಪೀಳಿಗೆ ನಗರದ ಬಾರ್ಕಸ್ ಬಡಾವಣೆಯಲ್ಲಿದೆ, ಅವರು ಶಾಫಿಗಳು. ಒಂದೇ ಊರಿನಲ್ಲಿ ಎರಡೂ ಉತ್ತರಗಳು ಬಾಳುತ್ತಿವೆ.

ಮೂರನೆಯ ಉತ್ತರಕ್ಕೆ ಮುಂಬೈ ಹೆದ್ದಾರಿ ಹಿಡಿದು, 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಬಸವಕಲ್ಯಾಣಕ್ಕೆ ಹೋಗಬೇಕು. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆ ರಾಜಧಾನಿಯಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಕೋರ್ಟುಗಳಿಗೆ ಅವನ ಹೆಸರು ಗೊತ್ತಿರುವುದು ಆಸ್ತಿ ಪಾಲಿನ ವ್ಯಾಜ್ಯಗಳಿಂದ. ಅವನ ದಂಡವಿಚಾರವನ್ನು ಕೇಳುವವರು ಕಡಿಮೆ, ಅದು ನಷ್ಟವೇ. ಆ ಸ್ಮೃತಿಯಲ್ಲಿ ವ್ಯವಹಾರಕ್ಕೆ, ಅಂದರೆ ವ್ಯಾಜ್ಯಗಳ ವಿಚಾರಣೆಗೆ, ಒಂದು ಅಧ್ಯಾಯ, ಪ್ರಾಯಶ್ಚಿತ್ತಕ್ಕೆ ಬೇರೆಯೇ ಅಧ್ಯಾಯ. ಅರಸನ ಮುಂದೆ ತೀರುವುದು ಒಂದು ಲೆಕ್ಕ, ಮನಸ್ಸಿನೊಳಗೆ ತೀರಬೇಕಾದದ್ದು ಇನ್ನೊಂದು.

ಆ ಸ್ಮೃತಿಯಲ್ಲಿ ದಂಡ ನಾಲ್ಕು ಬಗೆ: ಧಿಕ್ಕಾರ, ಬೈಗುಳ, ಹಣ, ದೇಹದಂಡನೆ. ಅಪರಾಧಿಯ ವಯಸ್ಸು, ಶಕ್ತಿ, ಹಣಕಾಸು, ಕಾಲದೇಶ ನೋಡಿ ವಿಧಿಸಬೇಕೆಂಬ ಸೂಚನೆ ಬೇರೆ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕುಡಿದು ಓಡಿಸಿದವನಿಗೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ ಅಥವಾ ಎರಡನ್ನೂ ಹೇಳುತ್ತದೆ. ಗಚ್ಚಿಬೌಲಿಯ ಐಟಿ ನೌಕರನಿಗೆ ಅದು ವಾರಾಂತ್ಯದ ಖರ್ಚು. ಆಟೋದವನ ಮನೆಯಲ್ಲಿ ಒಲೆ ಆರುತ್ತದೆ. ಹಾಗೆಂದು ಹಳೆಯ ಸ್ಮೃತಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಜಾತಿ ನೋಡಿ ಶಿಕ್ಷೆ ಏರಿಳಿಸಿದ್ದೂ ಅದೇ ಪರಂಪರೆ.

ಧಿಕ್ಕಾರದ ದಂಡ ಪೂರ್ತಿ ಸತ್ತಿಲ್ಲ. 1958ರ ಪ್ರೊಬೇಷನ್ ಕಾಯ್ದೆಯಡಿ ಮೊದಲ ಸಲ ಸಣ್ಣ ತಪ್ಪು ಮಾಡಿದವನಿಗೆ ಬುದ್ಧಿ ಹೇಳಿ ಕಳಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿತು. ಕುಡಿದು ಸಾರ್ವಜನಿಕವಾಗಿ ರಂಪ ಮಾಡಿದವನಿಗೆ 24 ಗಂಟೆಯವರೆಗಿನ ಸಜೆ ಅಥವಾ 1,000 ರೂ.ವರೆಗಿನ ದಂಡದ ಬದಲು ಪುಕ್ಕಟೆ ಸೇವೆ ವಿಧಿಸಬಹುದು. ಹಣಕ್ಕಿಂತ ಬೆವರು ಪ್ರಾಯಶ್ಚಿತ್ತಕ್ಕೆ ತುಸು ಹತ್ತಿರ ಎನ್ನಬಹುದೇನೋ. ಆದರೆ ಆದೇಶ ಕೊಟ್ಟು ಪಶ್ಚಾತ್ತಾಪ ತರಿಸುವ ಮ್ಯಾಜಿಸ್ಟ್ರೇಟರು ಇನ್ನೂ ಹುಟ್ಟಿಲ್ಲ.

ಹೊರೆ ಬರೀ ತಪ್ಪಿತಸ್ಥನದಲ್ಲ. ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯ ಮುಗಿಯುವುದೇ ಅರಸನ ತಪ್ಪಿನಿಂದ: ಅನ್ಯಾಯವಾಗಿ ದಂಡ ವಸೂಲಿ ಮಾಡಿದ ರಾಜ ಅದರ ಮೂವತ್ತು ಪಟ್ಟನ್ನು ವರುಣನಿಗೆ ಅರ್ಪಿಸಿ ಬ್ರಾಹ್ಮಣರಿಗೆ ಕೊಡಬೇಕು. ಕಳೆದುಕೊಂಡವನಿಗೇನು ಬಂತು? ಈ ಪ್ರಶ್ನೆ ವಿಜ್ಞಾನೇಶ್ವರನನ್ನೂ ಕಾಡಿರಬೇಕು. ಕಿತ್ತುಕೊಂಡಷ್ಟನ್ನು ಅವನಿಗೇ ಮರಳಿಸಬೇಕು, ಇಲ್ಲವಾದರೆ ರಾಜನಿಗೆ ಕಳ್ಳತನದ ದೋಷ ಎಂದು ಸೇರಿಸುತ್ತಾನೆ. ನಾಂಪಲ್ಲಿಯಲ್ಲಿ ಬೇಗ ಮುಗಿಯಲೆಂದು ‘ಹೌದು’ ಅಂದವನಿಗೆ ಹಣ ಮರಳಿ ಪಡೆಯುವ ದಾರಿ ಕಿರಿದು. ಒಪ್ಪಿಕೊಂಡವನು ಶಿಕ್ಷೆ ಹೆಚ್ಚಾಯಿತೆಂದೋ ಕಾನೂನುಬಾಹಿರವೆಂದೋ ಮೇಲ್ಮನವಿ ಹಾಕಬಹುದೇ ಹೊರತು, ತಾನು ತಪ್ಪೇ ಮಾಡಿರಲಿಲ್ಲ ಎಂದು ಹಾಕುವಂತಿಲ್ಲ.