ಲ್ಯಾಂಕಾಸ್ಟ್ರಿಯನ್‌ಗೆ ಯಾವ ಬಣ್ಣ?

ರೆಸಿನ್ ಮಾಡೆಲ್ ಅಂದ್ರೆ ತಾಳ್ಮೆ ಕೆಲಸ. ಬಾಗಿದ ರೆಕ್ಕೆಯನ್ನ ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡ್ಬೇಕು, ಮಾಸ್ಕ್ ಹಾಕ್ಕೊಂಡು ಒದ್ದೆ ಮರಳುಕಾಗದದಲ್ಲಿ ಉಜ್ಜಬೇಕು (ಆ ಧೂಳು ಒಳಗೆ ಹೋಗಬಾರದು), ಸೂಪರ್ ಗ್ಲೂ ಹಾಕಬೇಕು. ಸದ್ಯ ನನ್ನ ಮೇಜಿನ ಮೇಲಿರೋದು 1:144 ಅಳತೆಯ ಆವ್ರೋ ಲ್ಯಾಂಕಾಸ್ಟ್ರಿಯನ್. 31 ಮೀಟರ್ ರೆಕ್ಕೆ ಇಲ್ಲಿ 21 ಸೆಂಟಿಮೀಟರ್ ಚಿಲ್ಲರೆ. ಲ್ಯಾಂಕಾಸ್ಟರ್ ಬಾಂಬರಿನ ಬಂದೂಕುಗಳನ್ನು ಕಿತ್ತು, ಮೂತಿ ನುಣುಪು ಮಾಡಿ, ಸೀಟು ಕೂರಿಸಿದ ಪ್ರಯಾಣಿಕ ವಿಮಾನ.

ಬಣ್ಣದ ಪ್ರಶ್ನೆ ಬಂದಾಗ್ಲೇ ತಲೆಬಿಸಿ. 1945ರಲ್ಲಿ ಇಂಗ್ಲೆಂಡ್‌ನಿಂದ ಆಸ್ಟ್ರೇಲಿಯಾಕ್ಕೆ ಜನರನ್ನು ಒಯ್ದ ವಿಮಾನ ಇದು. ಬೆಳ್ಳಿ ಮೈ, ಬಲು ಚೆಂದ. ಆದ್ರೆ 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ಪೈಲಟ್ ಇದೇ ಲ್ಯಾಂಕಾಸ್ಟ್ರಿಯನ್‌ಗಳಲ್ಲಿ ಕರಾಚಿಯಿಂದ ನಿಜಾಮನಿಗೆ ರಾತ್ರೋರಾತ್ರಿ ಆಯುಧ ತಂದಿಳಿಸಿದ. ಇಳಿಸಿದ ಜಾಗಗಳಲ್ಲಿ ಬೀದರೂ ಒಂದು. ನಮ್ಮ ಹುಮನಾಬಾದಿನಿಂದ ಸುಮಾರು 50 ಕಿಲೋಮೀಟರ್. ಅದೇ ವರ್ಷ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆ ಗೋರಟಾದಲ್ಲಿ ರಜಾಕಾರರು ಊರವರನ್ನು ಕೊಂದಿದ್ದರು.

ವಿಮಾನದ್ದೇನು ತಪ್ಪು ಅನ್ನೋದು ಸುಲಭದ ವಾದ. ನಾವು ಬರೆಯೋ ಕೋಡ್ ಬಗ್ಗೆನೂ ಹಿಂಗೇ ಅಂತೀವಲ್ಲ, ಟೂಲ್ ಅಷ್ಟೇ, ಹೊಣೆ ಬಳಸಿದವರದ್ದು ಅಂತ. ಇರಬಹುದು. ಆದ್ರೆ ಮಾಡೆಲ್ ಮಾಡುವವನು ವಿಮಾನದ ಜೊತೆ ಅದರ ಆಯುಷ್ಯದ ಯಾವುದೋ ಒಂದು ದಿನವನ್ನೂ ಆರಿಸ್ತಾನೆ. ಆ ಆಯ್ಕೆಯ ಹೊಣೆ ಪೂರ್ತಿ ಅವನದ್ದೇ. ಲಂಡನ್ನಿನ ಶೋಕೇಸಿನಲ್ಲಿ ಬೆಳ್ಳಿ ಮೈ ಸಾಕು. ಹುಮನಾಬಾದಿನ ಮನೆಯಲ್ಲಿ ಅದಷ್ಟನ್ನೇ ಇಟ್ಟರೆ ಗೋರಟಾದವರಿಗೆ ಏನಂತ ತೋರಿಸೋದು?

ಬೆಳ್ಳಿ ಬಣ್ಣವನ್ನೇ ಹಚ್ತೀನಿ. ಘನ ರೆಸಿನ್ ಮೈಯಲ್ಲಿ ಬಾಗಿಲು ಕೊರೆದು, ಕೆಳಗೆ ಮರದ ಪೆಟ್ಟಿಗೆಗಳನ್ನಿಡ್ತೀನಿ, ಒಂದೊಂದೂ 9 ಮಿಲಿಮೀಟರ್ ಉದ್ದ. ಒಳಗೇನಿದೆ ಅಂತ ಅಕ್ಕನ ಮಗ ಕೇಳದೆ ಬಿಡಲ್ಲ.