ನಿತ್ಯಕರ್ಮಕ್ಕೆ ಹೊಂದಿಕೊಂಡ ನಿಯಮ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಉತ್ಸಾಹದ ಭರದಿಂದ ಹಲವು ವ್ರತಗಳನ್ನು ಒಮ್ಮೆಗೇ ಸ್ವೀಕರಿಸುವ ಶ್ರಾವಕ ಶ್ರಾವಿಕೆಯರು ಅನೇಕರು. ಅನಂತ ಚತುರ್ದಶಿ ಕಳೆದು ತಿಂಗಳಾಗುವಷ್ಟರಲ್ಲಿ ಅವುಗಳಲ್ಲಿ ಎಷ್ಟೋ ಜಾರಿಹೋಗಿರುತ್ತವೆ. ಕೈಗೊಂಡು ಭಂಗಿಸಿದ ವ್ರತವು ಮನಸ್ಸನ್ನು ಮುಂದಿನ ವ್ರತಕ್ಕೂ ಅಂಜುವಂತೆ ಮಾಡುತ್ತದೆ. ಇದನ್ನು ಶ್ರದ್ಧೆಯ ಕೊರತೆಯೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಆ ವ್ರತಕ್ಕೆ ದಿನಚರಿಯಲ್ಲಿ ನೆಲೆ ದೊರೆತಿರಲಿಲ್ಲ.

ಆಚಾರ್ಯರು ಇದನ್ನು ಬಲ್ಲವರಾಗಿದ್ದರು. ಆಹಾರಕ್ಕೆ ಹೋಗಿಬಂದ ಮೇಲೆ, ಗ್ರಾಮಾಂತರ ವಿಹಾರದ ಮೇಲೆ, ಮಲಮೂತ್ರ ವಿಸರ್ಜನೆಯ ಮೇಲೆ ಮುನಿಗಳು 25 ಉಚ್ಛ್ವಾಸಗಳ ಕಾಯೋತ್ಸರ್ಗ ಮಾಡಬೇಕೆಂದು ಮೂಲಾಚಾರವು ವಿಧಿಸುತ್ತದೆ. ಸರ್ವಸಂಗ ಪರಿತ್ಯಾಗಿಗಳಿಗೇ ದೇಹದ ಕ್ರಿಯೆಯೊಂದು ಧ್ಯಾನಕ್ಕೆ ಕರೆಯಾಗಿರುವಾಗ, ಗೃಹಸ್ಥನು ಬರಿಯ ನೆನಪನ್ನು ನಂಬಿ ನಡೆಯುವುದೆಂತು?

ನೀರು ಗಾಳಿಸುವ ಆಚಾರವನ್ನೇ ನೋಡಬಹುದು. ಬಾವಿಯಿಂದ ಸೇದುತ್ತಿದ್ದ ಕಾಲದಲ್ಲಿ ಕೊಡದ ಬಾಯಿಗೆ ಇಮ್ಮಡಿಸಿದ ಬಟ್ಟೆ ಹಾಕುವುದು, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಯ ನೀರಿಗೆ ಮೆಲ್ಲನೆ ಸೇರಿಸುವುದು, ಎಲ್ಲವೂ ಸೇದುವ ಕೆಲಸದ ಭಾಗವೇ ಆಗಿತ್ತು. ಮನೆಗೆ ನಲ್ಲಿ ಬಂದಿತು. ಬಟ್ಟೆ ಹೇಗೋ ಉಳಿಯಿತು, ಜೀವಗಳನ್ನು ಹಿಂದಿರುಗಿಸುವುದು ಬಹಳ ಮನೆಗಳಲ್ಲಿ ನಿಂತುಹೋಯಿತು. ಜೀವದಯೆ ಬತ್ತಿದ್ದರಿಂದಲ್ಲ, ಅದನ್ನು ಹೊತ್ತಿದ್ದ ಕೆಲಸವೇ ಇಲ್ಲವಾದುದರಿಂದ. (ಹೊಸ ಮನೆ ಕಟ್ಟುವಾಗ ಎಲ್ಲಕ್ಕೂ ಜಾಗ ಮಾಡುವವರು ಇದಕ್ಕೊಂದು ಏರ್ಪಾಡು ಮಾಡುವುದು ಅಪರೂಪ.)

ಆದುದರಿಂದ ಹೊಸ ನಿಯಮವನ್ನು ಹಿಡಿಯುವವನು ತನ್ನ ಮನೆಯಲ್ಲಿ ಎಂದೂ ತಪ್ಪದ ಕೆಲಸ ಯಾವುದೆಂದು ಮೊದಲು ಗುರುತಿಸಿಕೊಳ್ಳಲಿ. ಹಾಸಿಗೆಯಿಂದೇಳುವುದು ತಪ್ಪದು, ಕಾಲು ನೆಲಕ್ಕಿಡುವ ಮೊದಲು 27 ಉಚ್ಛ್ವಾಸಗಳಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರವಾಗಲಿ. ಜಿನದರ್ಶನದ ರೂಢಿಯುಳ್ಳವನು ಸ್ವಾಧ್ಯಾಯವನ್ನು ಬಿಡುವಿನ ವೇಳೆಗೆ ಮುಂದೂಡುವುದು ಬೇಡ. ಗಂಧೋದಕ ಧರಿಸಿದ ಕೂಡಲೆ ರತ್ನಕರಂಡಕ ಶ್ರಾವಕಾಚಾರದ ಒಂದು ಶ್ಲೋಕವನ್ನು ಓದಿದರೆ 150 ಶ್ಲೋಕಗಳೂ ಐದು ತಿಂಗಳಲ್ಲಿ ಮುಗಿಯುತ್ತವೆ.

ರಾತ್ರಿಭೋಜನ ತ್ಯಾಗವು ಹೆಚ್ಚು ಕಠಿಣ. ವಿದ್ಯುದ್ದೀಪವು ಹಗಲಿರುಳಿನ ಗಡಿಯನ್ನೇ ಅಳಿಸಿದೆ. ಸಂಜೆ ದೀಪ ಹಚ್ಚುವ ಪದ್ಧತಿಯಿರುವ ಮನೆಗಳಲ್ಲಿ ಊಟವನ್ನು ಅದಕ್ಕಿಂತ ಮೊದಲಿನ ಕೆಲಸವಾಗಿ ಇರಿಸಿಕೊಳ್ಳಬೇಕು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಇರುವಾಗಲೇ ಮುಗಿದರೆ ಉತ್ತಮ. ಉದ್ಯೋಗದಿಂದ ತಡವಾಗಿ ಮರಳುವವನು ಅಷ್ಟಮಿ ಚತುರ್ದಶಿಗಳಿಂದಲೇ ಆರಂಭಿಸಬಹುದು. ಕಾಲದ ಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ ಎಂದು ಸಮಂತಭದ್ರಾಚಾರ್ಯರು ಭೇದ ಮಾಡಿ, ಒಂದು ದಿನ, ಒಂದು ಪಕ್ಷ, ಒಂದು ಮಾಸಗಳ ತ್ಯಾಗಕ್ಕೂ ಎಡೆಯಿತ್ತಿದ್ದಾರೆ. ಮೊದಲು ಒಂದು ಪಕ್ಷ ನಡೆಯಲಿ. ಅದು ಮುಗಿದ ದಿನ ಮತ್ತೆ ಗುರುಗಳ ಮುಂದೆ ಕೈಮುಗಿದು ಮಾಸದ ನಿಯಮವನ್ನು ಬೇಡಬಹುದು.